ಅಲಂಕರಣಾರ್ಥದ ಇಂಗ್ಲಿಷ್ ಕ್ರಿಯಾಪದಗಳು: ಅರ್ಥಭೇದ ಮತ್ತು ಜಾನಪದ ಅನುವಾದದ ಪ್ರಶ್ನೆ

ಕರ್ನಾಟಕದ ಜನಪದ ಸಾಮಗ್ರಿಯನ್ನು ಇಂಗ್ಲಿಷಿನ ಮೂಲಕ ಹೊರಜಗತ್ತಿಗೆ ತಲುಪಿಸುವ ಕಾರ್ಯಕ್ಕೆ ಒಂದೂವರೆ ಶತಮಾನದ ಇತಿಹಾಸವಿದೆ. ಚಾರ್ಲ್ಸ್ ಗೋವರ್ ಅವರು ದಕ್ಷಿಣ ಭಾರತದ ಜನಪದ ಗೀತೆಗಳ ಸಂಕಲನವನ್ನು 1871ರಲ್ಲಿ ಪ್ರಕಟಿಸಿದರು. ಎ.ಸಿ. ಬರ್ನೆಲ್ ಅವರು ಸಂಗ್ರಹಿಸಿದ್ದ ತುಳುನಾಡಿನ ಭೂತಾರಾಧನೆಯ ಸಾಮಗ್ರಿ 1894ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಾಗತೊಡಗಿತು. ಅದೇ ವರ್ಷ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಿಂದ ಹೊರಬಂದಿತು. ಇಂದು ಈ ಕೆಲಸ ಸಂಶೋಧನ ಪ್ರಬಂಧಗಳ ಇಂಗ್ಲಿಷ್ ಸಾರಲೇಖ, ವಸ್ತುಸಂಗ್ರಹಾಲಯಗಳ ಪರಿಚಯ ಚೀಟಿ, ಸಾಕ್ಷ್ಯಚಿತ್ರಗಳ ಅಡಿಬರಹ, ಗ್ರಂಥಾಲಯಗಳ ವಿಷಯಸೂಚಿ ಮುಂತಾದ ಹಲವು ರೂಪಗಳಲ್ಲಿ ನಡೆಯುತ್ತಿದೆ. ಈ ಬರಹಗಳಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಪದವನ್ನು ಕುರಿತು ಪ್ರಸ್ತುತ ಲೇಖನ ಚರ್ಚಿಸುತ್ತದೆ. ಅದು ‘ಡೆಕೊರೇಟ್’ ಎಂಬ ಕ್ರಿಯಾಪದ.

ಹಸೆಗೋಡೆಗೆ ಚಿತ್ತಾರ ಬರೆದರೂ ಡೆಕೊರೇಟ್, ಕಾರಹುಣ್ಣಿಮೆಯಂದು ಎತ್ತಿನ ಕೋಡಿಗೆ ಬಣ್ಣ ಹಚ್ಚಿದರೂ ಡೆಕೊರೇಟ್, ಬಾಗಿಲಿಗೆ ತೋರಣ ಕಟ್ಟಿದರೂ ಅದೇ, ಮದುಮಗಳಿಗೆ ಹೂ ಮುಡಿಸಿದರೂ ಅದೇ, ದೈವಪಾತ್ರಿಯ ಬೆನ್ನಿಗೆ ಅಣಿ ಕಟ್ಟಿದರೂ ಅದೇ. ಮೂಲದಲ್ಲಿ ಬರೆ, ಹಚ್ಚು, ಕಟ್ಟು, ಮುಡಿಸು ಎಂದು ಬೇರೆಬೇರೆಯಾಗಿದ್ದ ಕ್ರಿಯೆಗಳೆಲ್ಲ ಇಂಗ್ಲಿಷಿನಲ್ಲಿ ಒಂದೇ ಹಗೇವಿಗೆ ಸುರಿದ ಬೇರೆಬೇರೆ ಧಾನ್ಯಗಳಂತೆ ಬೆರೆತುಹೋಗುತ್ತವೆ. ಇದರ ಪರಿಣಾಮ ಕೇವಲ ಶೈಲಿಗೆ ಸಂಬಂಧಿಸಿದ್ದಲ್ಲ. ಸಾರಲೇಖದಲ್ಲಿ ಡೆಕೊರೇಟ್ ಎಂದು ಬಂದ ಕೂಡಲೇ ಸೂಚೀಕಾರರು ಆ ವಸ್ತುವನ್ನು ‘ಅಲಂಕರಣ ಕಲೆ’ಯ ವಿಭಾಗಕ್ಕೆ ಸೇರಿಸುತ್ತಾರೆ. ಮುಂದೆ ಆಚರಣೆಯನ್ನು ಅಧ್ಯಯನ ಮಾಡಬಯಸುವವರಿಗೆ ಅದು ಆಚರಣೆಯ ವಿಭಾಗದಲ್ಲಿ ದೊರೆಯುವುದಿಲ್ಲ. ಒಂದು ಕ್ರಿಯಾಪದದ ಆಯ್ಕೆಯಿಂದ ವಿಧಿಯೊಂದು ಚಂದದ ವಸ್ತುವಾಗಿ ಮಾರ್ಪಡುವುದನ್ನು ನಾವು ಹಗುರವಾಗಿ ಕಾಣಲಾಗದು.

ಇಂಗ್ಲಿಷಿನಲ್ಲಿ ಪದಗಳ ಕೊರತೆ ಇದೆಯೇ ಎಂದರೆ ಇಲ್ಲ. ಪೀಟರ್ ಮಾರ್ಕ್ ರೊಜೆಯ ಪದಕೋಶವು (1852) ಈ ಅರ್ಥದ ಪದಗಳಿಗೆ ‘ಆರ್ನಮೆಂಟ್’ ಎಂಬ ಶೀರ್ಷಿಕೆಯ ವಿಭಾಗವನ್ನೇ ಮೀಸಲಿಟ್ಟಿತು. ವೆಬ್‌ಸ್ಟರ್ ಸಂಸ್ಥೆಯ ಸಮಾನಾರ್ಥಕ ಪದಗಳ ನಿಘಂಟು (1942) ಅಡಾರ್ನ್, ಡೆಕೊರೇಟ್, ಆರ್ನಮೆಂಟ್, ಎಂಬೆಲಿಶ್, ಡೆಕ್, ಗಾರ್ನಿಶ್ ಮುಂತಾದವನ್ನು ಒಂದೇ ಉಲ್ಲೇಖದಡಿ ತಂದು ಅವುಗಳ ಭೇದವನ್ನು ವಿವರಿಸಿತು. ಇವು ಸಮಾನಾರ್ಥಕಗಳಲ್ಲ, ಸಮೀಪಾರ್ಥಕಗಳು. ಈ ಭೇದಗಳನ್ನು ಅರಿಯಲು ನಿಘಂಟಿನ ಜೊತೆಗೆ ಇಂಗ್ಲಿಷ್ ಭಾಷಿಕರ ಸ್ವಂತ ಆಚರಣೆಗಳನ್ನೂ ಗಮನಿಸಬೇಕಾಗುತ್ತದೆ. ಅವರ ಹಬ್ಬ, ಸ್ಮಶಾನ, ಬಾವಿಕಟ್ಟೆಗಳಲ್ಲಿ ಈ ಪದಗಳು ಮಾಡುವ ಕೆಲಸವನ್ನು ನಮ್ಮ ಅನುವಾದಕರು ಅಷ್ಟಾಗಿ ಪರಿಗಣಿಸಿಲ್ಲವೆಂದೇ ಹೇಳಬೇಕು.

ಒಪ್ಪ ಮತ್ತು ಓರಣ

ಡೆಕೊರೇಟ್ ಪದ ಲ್ಯಾಟಿನ್ನಿನ ‘ಡೆಕುಸ್’ ಎಂಬುದರಿಂದ ಬಂದುದು. ಅದಕ್ಕೆ ಗೌರವ, ಘನತೆ, ಶೋಭೆ ಎಂಬ ಅರ್ಥಗಳಿವೆ. ‘ತಕ್ಕುದಾಗಿರು’ ಎಂಬರ್ಥದ ‘ಡೆಕೆರೆ’ ಇದರ ಬಂಧು; ನಾವು ಕನ್ನಡದಲ್ಲಿಯೂ ಬಳಸುವ ‘ಡೀಸೆಂಟ್’ ಇದೇ ಬಳ್ಳಿಯ ಕುಡಿ. ಅಡಾರ್ನ್ ಮತ್ತು ಆರ್ನಮೆಂಟ್ ಪದಗಳು ‘ಸಜ್ಜುಗೊಳಿಸು, ಒದಗಿಸು’ ಎಂಬರ್ಥದ ‘ಓರ್ನಾರೆ’ ಎಂಬ ಧಾತುವಿನಿಂದ ಹೊರಟಿವೆ. ಇದಕ್ಕೂ ‘ಸಾಲು, ಕ್ರಮ’ ಎಂಬರ್ಥದ ‘ಓರ್ಡೊ’ ಪದಕ್ಕೂ ನಿರುಕ್ತಕಾರರು ನಂಟು ಕಲ್ಪಿಸುತ್ತಾರೆ. ಕನ್ನಡದ ಕಿವಿಗೆ ಇಲ್ಲಿ ಒಂದು ಸೊಗಸಾದ ಸಾಮ್ಯ ಕೇಳಿಸುತ್ತದೆ. ನಮ್ಮ ‘ಒಪ್ಪ’ ಎಂಬುದು ಅಂದವೂ ಹೌದು, ‘ಒಪ್ಪು’ ಎಂಬ ತಕ್ಕುದಾಗಿರುವಿಕೆಯೂ ಹೌದು. ‘ಓರಣ’ ಎಂಬುದು ಸಾಲೂ ಹೌದು, ಚೊಕ್ಕತನವೂ ಹೌದು. ಮನೆ ಒಪ್ಪಓರಣವಾಗಿದೆ ಎಂದು ನಮ್ಮ ಹೆಣ್ಣುಮಕ್ಕಳು ಹೇಳುವಾಗ ಲ್ಯಾಟಿನ್ನಿನ ಎರಡು ಧಾತುಗಳ ಆಶಯವನ್ನೂ ಒಂದೇ ಉಸಿರಿನಲ್ಲಿ ಹೇಳಿದಂತಾಗುತ್ತದೆ. ಇದು ಭಾವನೆಯ ಸಾಮ್ಯವೇ ಹೊರತು ಪದಗಳ ರಕ್ತಸಂಬಂಧವಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆದರೆ ನಿರುಕ್ತವು ಪ್ರಯೋಗದ ಮೇಲೆ ಅಧಿಕಾರ ಚಲಾಯಿಸಲಾರದು. ಇಂದಿನ ಬ್ರಿಟಿಷ್ ಬಳಕೆಯಲ್ಲಿ ಮಲಗುವ ಕೋಣೆಯನ್ನು ಡೆಕೊರೇಟ್ ಮಾಡುತ್ತಿದ್ದೇವೆ ಎಂದರೆ ತೋರಣ ಕಟ್ಟುತ್ತಿದ್ದಾರೆಂದು ಅರ್ಥವಲ್ಲ. ಗೋಡೆಗೆ ಬಣ್ಣ ಬಳಿಯುತ್ತಿದ್ದಾರೆ ಅಥವಾ ಬಣ್ಣದ ಕಾಗದ ಅಂಟಿಸುತ್ತಿದ್ದಾರೆ ಎಂದರ್ಥ. ನಮ್ಮ ಸುಣ್ಣ ಬಳಿಯುವಿಕೆಗೆ ಇದು ಹತ್ತಿರ. ಸೈನಿಕನನ್ನು ಡೆಕೊರೇಟ್ ಮಾಡಿದರು ಎಂದರೆ ಪದಕ ನೀಡಿದರು ಎಂದಾಗುತ್ತದೆ; ಇಲ್ಲಿ ಹಳೆಯ ‘ಗೌರವ’ದ ಅರ್ಥ ಉಳಿದುಬಂದಿದೆ. ಭೂತಕೋಲದ ವರದಿಯೊಂದರಲ್ಲಿ ಪಾತ್ರಿಯನ್ನು ‘ಡೆಕೊರೇಟೆಡ್ ಪರ್ಫಾರ್ಮರ್’ ಎಂದು ಬರೆದರೆ ವಿದೇಶಿ ಓದುಗರು ಆತನಿಗೆ ರಾಜ್ಯ ಪ್ರಶಸ್ತಿ ಬಂದಿದೆಯೆಂದು ತಿಳಿದಾರು. ತಿಳಿದರೆ ತಪ್ಪು ಅವರದಲ್ಲ.

ಡೆಕೊರೇಟ್ ಎಂಬುದು ಯಾವಾಗಲೂ ಮೇಲ್ಮೈಗೆ ಸಂಬಂಧಿಸಿದ ಪದವೆಂದು ತೀರ್ಮಾನಿಸುವುದೂ ಸರಿಯಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಮಡಿದವರ ಸಮಾಧಿಗಳಿಗೆ ಹೂವು ಇರಿಸಲು 1868ರ ಮೇ 30ನ್ನು ಗೊತ್ತುಪಡಿಸಿದಾಗ ಆ ದಿನಕ್ಕೆ ‘ಡೆಕೊರೇಷನ್ ಡೇ’ ಎಂಬ ಹೆಸರು ನಿಂತಿತು. ಮುಂದೆ ಅದೇ ಅಲ್ಲಿನ ರಾಷ್ಟ್ರೀಯ ಸ್ಮರಣ ದಿನವಾಯಿತು. ಅಪಲೇಚಿಯನ್ ಬೆಟ್ಟಸೀಮೆಯಲ್ಲಿ ಈ ಹೆಸರಿನ ಸ್ಥಳೀಯ ಆಚರಣೆ ಬೇರೆಯಾಗಿಯೇ ಇದೆ. ಜಾನಪದ ವಿದ್ವಾಂಸ ಅಲನ್ ಜಬೂರ್ ಮತ್ತು ಛಾಯಾಗ್ರಾಹಕಿ ಕರೆನ್ ಸಿಂಗರ್ ಜಬೂರ್ ದಂಪತಿಗಳು 2010ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ವಿವರಗಳಿವೆ. ಅಲ್ಲಿ ಕುಟುಂಬದವರೆಲ್ಲ ಸ್ಮಶಾನದಲ್ಲಿ ಸೇರಿ, ಕಳೆ ಕಿತ್ತು, ಕೆಲವೆಡೆ ಸಮಾಧಿಯ ಮಣ್ಣನ್ನು ದಿಬ್ಬವಾಗಿ ಏರಿಸಿ, ಹೂವಿಟ್ಟು, ಪ್ರಾರ್ಥನೆ ಮಾಡಿ, ಅಲ್ಲಿಯೇ ಒಟ್ಟಿಗೆ ಉಣ್ಣುತ್ತಾರೆ. ಈ ಇಡೀ ಕಲಾಪದ ಹೆಸರು ‘ಡೆಕೊರೇಷನ್’. ನಮ್ಮಲ್ಲಿ ಹಿರಿಯರ ಹಬ್ಬದಂದು ಗುಡ್ಡೆಗೆ ಪೂಜೆ ಮಾಡುವುದನ್ನು ಬಲ್ಲವರಿಗೆ ಈ ಪ್ರಯೋಗ ಹೊಸದಾಗಿ ತೋರದು. ಆ ಬೆಟ್ಟಸೀಮೆಯವರಿಗೆ ಡೆಕೊರೇಟ್ ಎಂದರೆ ಸತ್ತವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದು. ಆದರೆ ಈ ಅರ್ಥ ಪದಕ್ಕೆ ಬಂದಿರುವುದು ಆ ಸಮುದಾಯದ ಬಳಕೆಯಿಂದ. ನಮ್ಮ ಸಾರಲೇಖವನ್ನು ಓದುವ ಸಾಮಾನ್ಯ ವಿದ್ವಾಂಸರು ಆ ಅರ್ಥವನ್ನು ತಾವಾಗಿಯೇ ತುಂಬಿಕೊಳ್ಳುವುದಿಲ್ಲ.

ಅಡಾರ್ನ್ ಪದದ ನಡೆ ಬೇರೆ. ಅದು ಈಗಾಗಲೇ ಚೆಲುವು ಅಥವಾ ಘನತೆ ಉಳ್ಳದ್ದಕ್ಕೆ ಮತ್ತಷ್ಟು ಶೋಭೆ ಕೂಡಿಸುವುದನ್ನು ಹೇಳುತ್ತದೆ. ವ್ಯಕ್ತಿಗಳಿಗೆ, ಅದರಲ್ಲಿಯೂ ದೇಹಕ್ಕೆ, ಹೆಚ್ಚಾಗಿ ಸಲ್ಲುತ್ತದೆ. 1611ರ ಇಂಗ್ಲಿಷ್ ಬೈಬಲಿನ ಕೊನೆಯ ಗ್ರಂಥದಲ್ಲಿ ಪವಿತ್ರ ನಗರವನ್ನು ಮದುವಣಗಿತ್ತಿಗೆ ಹೋಲಿಸುವಲ್ಲಿ ಬಂದಿರುವುದು ಇದೇ ಪದ. ವ್ಯಾಕರಣದ ಒಂದು ಅಂಶವೂ ಗಮನಾರ್ಹ: ಅಡಾರ್ನ್ ಕ್ರಿಯೆಗೆ ಒಡವೆಯೇ ಕರ್ತೃವಾಗಬಲ್ಲದು. ಹೂವು ಮುಡಿಯನ್ನು ಅಡಾರ್ನ್ ಮಾಡುತ್ತದೆ, ಚಿತ್ರಗಳು ಗೋಡೆಯನ್ನು ಅಡಾರ್ನ್ ಮಾಡುತ್ತವೆ ಎಂಬುದು ಸಹಜ ಪ್ರಯೋಗ. ಡೆಕೊರೇಟ್ ಪದಕ್ಕೆ ಕೈಯಾಡಿಸುವ ಮನುಷ್ಯ ಕರ್ತೃವಾಗುವುದೇ ವಾಡಿಕೆ. ಹೀಗಾಗಿ ಕಾರ್ಯವನ್ನು ವಿವರಿಸುವಾಗ ಅಡಾರ್ನ್ ತೆಳುವಾಗುತ್ತದೆ. ಯಾರು, ಯಾವಾಗ, ಯಾವ ಕ್ರಮದಲ್ಲಿ ತೊಡಿಸಿದರು ಎಂಬುದನ್ನು ಅದು ಮರೆಮಾಡುತ್ತದೆ. ಕ್ಷೇತ್ರಕಾರ್ಯದ ವರದಿಗಿಂತ ಸ್ತುತಿಗೆ ಹೊಂದುವ ಪದವಿದು.

ನ್ಯಾಯಾಲಯದ ಮುಂದೆ ಆರ್ನಮೆಂಟ್

ಆರ್ನಮೆಂಟ್ ಮೊದಲು ನಾಮಪದ. ಕ್ರಿಯಾಪದವಾಗಿ ಅದು ಹದಿನೆಂಟನೆಯ ಶತಮಾನದಲ್ಲಿ ರೂಢಿಗೆ ಬಂತು. ಇದರ ಅರ್ಥವನ್ನು ನಿರ್ಣಯಿಸುವ ಪ್ರಸಂಗ ಒಮ್ಮೆ ಇಂಗ್ಲೆಂಡಿನ ಅತ್ಯುಚ್ಚ ನ್ಯಾಯಪೀಠಗಳಲ್ಲೊಂದರ ಮುಂದೆ ಬಂದಿತ್ತು. 1559ರ ಆಂಗ್ಲಿಕನ್ ಪ್ರಾರ್ಥನಾ ಗ್ರಂಥದಲ್ಲಿ ಚರ್ಚಿನ ಮತ್ತು ಪಾದ್ರಿಗಳ ‘ಆರ್ನಮೆಂಟ್’ಗಳನ್ನು ಉಳಿಸಿಕೊಳ್ಳಬೇಕೆಂಬ ವಿಧಿಯಿದ್ದು, 1662ರ ಗ್ರಂಥದಲ್ಲಿಯೂ ಅದು ಮುಂದುವರಿಯಿತು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಲಂಡನ್ನಿನ ಕೆಲವು ಚರ್ಚುಗಳಲ್ಲಿ ಶಿಲುಬೆ, ದೀಪಸ್ತಂಭ, ಪೂಜಾಪೀಠದ ವಸ್ತ್ರಗಳನ್ನು ಇರಿಸಿದ್ದರ ಬಗ್ಗೆ ವ್ಯಾಜ್ಯ ಹುಟ್ಟಿತು. ಲಿಡೆಲ್ ಮತ್ತು ವೆಸ್ಟರ್ಟನ್ ನಡುವಿನ ಆ ಮೊಕದ್ದಮೆಯನ್ನು 1857ರಲ್ಲಿ ತೀರ್ಮಾನಿಸಿದ ಪ್ರಿವಿ ಕೌನ್ಸಿಲ್, ಇಲ್ಲಿ ಆರ್ನಮೆಂಟ್ ಎಂಬುದನ್ನು ಆಧುನಿಕ ಬಳಕೆಯ ‘ಅಂದದ ವಸ್ತು’ ಎಂಬರ್ಥಕ್ಕೆ ಸೀಮಿತಗೊಳಿಸಲಾಗದು. ಲ್ಯಾಟಿನ್ನಿನ ವಿಶಾಲಾರ್ಥದಲ್ಲಿ, ಆರಾಧನೆಯನ್ನು ನಡೆಸಲು ಬಳಸುವ ವಸ್ತುಗಳೆಲ್ಲವೂ ಆರ್ನಮೆಂಟ್‌ಗಳೇ ಎಂದು ವ್ಯಾಖ್ಯಾನಿಸಿತು. ಪುಸ್ತಕ, ಪಾತ್ರೆ, ವಸ್ತ್ರ ಎಲ್ಲವೂ ಈ ವ್ಯಾಖ್ಯೆಯೊಳಗೆ ಬರುತ್ತವೆ. ನಮ್ಮ ದೇವಾಲಯಗಳಲ್ಲಿ ‘ಪರಿಕರ’ ಎನ್ನುವುದಕ್ಕೂ ‘ಆಭರಣ’ ಎನ್ನುವುದಕ್ಕೂ ಇರುವ ವ್ಯತ್ಯಾಸ ಆ ಹಳೆಯ ಪದದಲ್ಲಿ ಇರಲಿಲ್ಲವೆಂದಾಯಿತು.

ವಿಚಿತ್ರವೆಂದರೆ ಅದೇ ಕಾಲದಲ್ಲಿ ವಿನ್ಯಾಸಕಾರರ ವಲಯದಲ್ಲಿ ಆರ್ನಮೆಂಟ್ ಪದ ತದ್ವಿರುದ್ಧ ದಿಕ್ಕಿಗೆ ಸರಿಯುತ್ತಿತ್ತು. ಓವನ್ ಜೋನ್ಸ್ ಅವರ ‘ದ ಗ್ರಾಮರ್ ಆಫ್ ಆರ್ನಮೆಂಟ್’ (1856) ಭಾರತವೂ ಸೇರಿದಂತೆ ಹಲವು ದೇಶಗಳ ವಿನ್ಯಾಸಗಳನ್ನು ಅವುಗಳ ಬಟ್ಟೆ, ಪಾತ್ರೆ, ಗೋಡೆಗಳಿಂದ ಬಿಡಿಸಿ ತೆಗೆದು ಬಣ್ಣದ ಫಲಕಗಳಲ್ಲಿ ಜೋಡಿಸಿತು. ರಚನೆಗೆ ಅಲಂಕಾರ ಬೇಕು, ಅಲಂಕಾರಕ್ಕಾಗಿ ರಚನೆ ಬೇಡ ಎಂಬ ಆತನ ನಿಲುವು ವಿವೇಕಯುತವಾದುದೇ. ಆದರೆ ಫಲಕಕ್ಕೆ ಏರಿದ ವಿನ್ಯಾಸ ತನ್ನ ಒಡಲನ್ನು ಕಳೆದುಕೊಂಡಿತು. ಅಲ್ಲಿಂದ ಅರ್ಧ ಶತಮಾನ ಕಳೆಯುವಷ್ಟರಲ್ಲಿ ವಿಯೆನ್ನಾದ ವಾಸ್ತುಶಿಲ್ಪಿ ಅಡಾಲ್ಫ್ ಲೂಸ್ ಅವರು ಆರ್ನಮೆಂಟನ್ನು ಅಪರಾಧದೊಂದಿಗೆ ಜೋಡಿಸಿ ಬರೆದರು. 1910ರಲ್ಲಿ ಅದನ್ನು ಉಪನ್ಯಾಸವಾಗಿಯೂ ನೀಡಿದರು. ನಿತ್ಯೋಪಯೋಗಿ ವಸ್ತುಗಳಿಂದ ಅಲಂಕರಣ ಕಳಚಿಹೋಗುವುದೇ ಸಂಸ್ಕೃತಿಯ ಬೆಳವಣಿಗೆ ಎಂಬುದು ಅವರ ವಾದ. ಪಪುವಾ ದ್ವೀಪದವರ ಹಚ್ಚೆ, ಸ್ಲೊವಾಕ್ ರೈತ ಹೆಂಗಸಿನ ಕಸೂತಿ ಇವನ್ನು ಅವರು ಸಹಿಸಿಕೊಳ್ಳುತ್ತಾರೆ. ಅವರಿಗೆ ಬೇರೆ ದಾರಿಯಿಲ್ಲವೆಂಬ ಕಾರಣಕ್ಕಾಗಿ. ಜಾನಪದ ಅಧ್ಯಯನಕಾರರಿಗೆ ಲೂಸ್ ಅವರ ಖಂಡನೆಗಿಂತ ಈ ಸಹನೆಯೇ ಹೆಚ್ಚು ಅಪಾಯಕಾರಿ ಎಂದು ನನ್ನ ಭಾವನೆ.

ಈ ಪದಗಳ ಹಿಂದಿನ ದಾರಿಯನ್ನು ಸಮಗ್ರವಾಗಿ ನೋಡಿದವರು ಆನಂದ ಕುಮಾರಸ್ವಾಮಿ. 1939ರಲ್ಲಿ ಪ್ರಕಟವಾದ ‘ಆರ್ನಮೆಂಟ್’ ಎಂಬ ಲೇಖನದಲ್ಲಿ ಅವರು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಪದಗಳನ್ನು ಪರಿಶೀಲಿಸಿ, ಇವೆಲ್ಲವೂ ಮೂಲದಲ್ಲಿ ವಸ್ತುವನ್ನು ಅದರ ಕಾರ್ಯಕ್ಕೆ ತಕ್ಕಂತೆ ಪೂರ್ಣಗೊಳಿಸುವ ಸಜ್ಜಿಕೆಯನ್ನು ಸೂಚಿಸುತ್ತಿದ್ದವು. ‘ಹೆಚ್ಚುವರಿ ಚಂದ’ ಎಂಬ ಅರ್ಥ ಅನಂತರದ್ದು ಎಂದು ವಾದಿಸಿದರು. ‘ಅಲಂ’ ಎಂದರೆ ಸಾಕು, ಸಮರ್ಥ. ಅಲಂಕರಿಸು ಎಂದರೆ ಸಾಲುವಂತೆ ಮಾಡು. ಅದೇ ವರ್ಷ ಡಚ್ ವಿದ್ವಾಂಸ ಯಾನ್ ಖೊಂಡಾ ಕೂಡ ಅಲಂಕಾರ ಪದದ ಅರ್ಥವನ್ನು ಕುರಿತು ಪ್ರತ್ಯೇಕ ಲೇಖನ ಬರೆದರು. ‘ಕವಿರಾಜಮಾರ್ಗ’ದ ಕಾಲದಿಂದ ಅಲಂಕಾರವೆಂಬ ಪದವನ್ನು ಚರ್ಚಿಸುತ್ತ ಬಂದಿರುವ ಕನ್ನಡಿಗರು ಈ ಎರಡು ಲೇಖನಗಳನ್ನು ಕಾವ್ಯಮೀಮಾಂಸೆಯ ಕಪಾಟಿನಲ್ಲಿ ಮಾತ್ರ ಇರಿಸಿಕೊಂಡಿದ್ದೇವೆ. ಜಾನಪದದ ಕಪಾಟಿನಲ್ಲಿಯೂ ಅವು ಇರಬೇಕು.

ಕಥೆಗೆ ಕೂಡಿಸಿದ್ದು

ಎಂಬೆಲಿಶ್ ಪದವು ಹಳೆಯ ಫ್ರೆಂಚಿನ ‘ಬೆಲ್’, ಅಂದರೆ ಚೆಲುವು, ಎಂಬುದರಿಂದ ಬಂದುದು. ಸಂಗೀತದಲ್ಲಿ ಇದು ನಿರ್ದೋಷಿ ಪದ. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳ ಪುಸ್ತಕಗಳ ಮುಖಪುಟದಲ್ಲಿ ಕೆತ್ತನೆಯ ಚಿತ್ರಗಳಿಂದ ಎಂಬೆಲಿಶ್ ಮಾಡಿದ್ದು ಎಂದು ಹೆಮ್ಮೆಯಿಂದಲೇ ಅಚ್ಚು ಹಾಕುತ್ತಿದ್ದರು. ಆದರೆ ಕಥೆ, ವರದಿ, ಸಾಕ್ಷ್ಯಗಳ ವಿಷಯಕ್ಕೆ ಬಂದಾಗ ಎಂಬೆಲಿಶ್ ಎಂದರೆ ಇಲ್ಲದ್ದನ್ನು ಸೇರಿಸುವುದು. ಉಪ್ಪುಖಾರ ಹಚ್ಚಿ ಹೇಳುವುದು ಎಂದು ನಾವು ಅನ್ನುವುದಕ್ಕೆ ಇದು ಸಮೀಪ. ಮೌಖಿಕ ಕಾವ್ಯದ ಅಧ್ಯಯನದಲ್ಲಿ ಈ ಪದ ಉಂಟುಮಾಡುವ ಹಾನಿ ಸಣ್ಣದಲ್ಲ. ಗಾಯಕರು ಕಥೆಯನ್ನು ಎಂಬೆಲಿಶ್ ಮಾಡಿದರು ಎಂದು ಬರೆದರೆ, ಎಲ್ಲಿಯೋ ಒಂದು ಶುದ್ಧವಾದ ಬೋಳು ಕಥೆ ಇತ್ತು, ಅದಕ್ಕೆ ಇವರು ಸುಳ್ಳಿನ ಲೇಪ ಹಚ್ಚಿದರು ಎಂಬ ಧ್ವನಿ ಹೊರಡುತ್ತದೆ.

ಆಲ್ಬರ್ಟ್ ಲಾರ್ಡ್ ಅವರ ‘ದ ಸಿಂಗರ್ ಆಫ್ ಟೇಲ್ಸ್’ (1960) ಗ್ರಂಥದ ಒಂದು ಪ್ರಸಂಗ ಇಲ್ಲಿ ಸ್ಮರಣೀಯ. 1935ರಲ್ಲಿ ಯುಗೊಸ್ಲಾವಿಯದಲ್ಲಿ ಮಿಲ್ಮನ್ ಪ್ಯಾರಿ ಅವರು ಮುಮಿನ್ ಎಂಬ ಗಾಯಕನ ಕಾವ್ಯವನ್ನು ಧ್ವನಿಮುದ್ರಿಸಿದರು. ಆ ಕಾವ್ಯವನ್ನು ಅದುವರೆಗೆ ಕೇಳಿರದ ಅವ್ದೊ ಮೆಜೆದೊವಿಚ್ ಅಲ್ಲಿಯೇ ಕುಳಿತಿದ್ದನು. ಈಗ ನೀನು ಹಾಡಬಲ್ಲೆಯಾ ಎಂದು ಕೇಳಿದಾಗ ಅವ್ದೊ ಅದನ್ನೇ ಸುಮಾರು ಮೂರು ಪಟ್ಟು ಉದ್ದವಾಗಿ ಹಾಡಿದನು. ಈ ಬೆಳವಣಿಗೆಯನ್ನು ಲಾರ್ಡ್ ‘ಆರ್ನಮೆಂಟೇಷನ್’ ಎಂದು ಕರೆಯುತ್ತಾರೆ. ಕುದುರೆಗೆ ಜೀನು ಹಾಕುವುದು, ವೀರನು ಆಯುಧ ತೊಡುವುದು, ಓಲೆ ಬರೆಯುವುದು ಮುಂತಾದ ವರ್ಣನೆಗಳು ಕಥೆಗೆ ಹಚ್ಚಿದ ಬಣ್ಣವಾಗಿರದೆ ಗಾಯಕನ ಕೈಯಲ್ಲಿರುವ ಸಲಕರಣೆಗಳೇ ಆಗಿವೆ. ಆರ್ನಮೆಂಟ್ ಪದದ ಹಳೆಯ ‘ಸಜ್ಜು’ ಎಂಬ ಅರ್ಥ ಇಲ್ಲಿ ಮರಳಿ ಜೀವ ತಾಳಿದೆ.

ಕರ್ನಾಟಕದ ನೆಲದಲ್ಲಿಯೇ ಇದಕ್ಕೆ ಸಂವಾದಿಯಾದ ಕಾರ್ಯ ನಡೆದಿದೆ. ಲೌರಿ ಹೊಂಕೊ ಅವರು ಚಿನ್ನಪ್ಪ ಗೌಡ, ವಿವೇಕ ರೈ, ಆನ್ನೆಲಿ ಹೊಂಕೊ ಅವರೊಂದಿಗೆ ಸಂಪಾದಿಸಿದ ಗೋಪಾಲ ನಾಯ್ಕರ ತುಳು ಸಿರಿಕಾವ್ಯ 1998ರಲ್ಲಿ ಹೊರಬಂದಾಗ ಅದರ ಸಾಲುಗಳು 15,683. ಅಷ್ಟು ದೀರ್ಘವಾದ ಪಠ್ಯವನ್ನು ‘ಹಿಗ್ಗಿಸಿದ್ದು’ ಎಂದು ತಳ್ಳಿಹಾಕದೆ, ಗಾಯಕರ ಮನಸ್ಸಿನಲ್ಲಿರುವ ಪಠ್ಯವೊಂದು ಸಂದರ್ಭಕ್ಕೆ ತಕ್ಕಂತೆ ಬಿಚ್ಚಿಕೊಳ್ಳುವ ಬಗೆಯನ್ನು ವಿವರಿಸಲು ಹೊಂಕೊ ‘ಮಾನಸಿಕ ಪಠ್ಯ’ ಎಂಬ ಪರಿಕಲ್ಪನೆಯನ್ನು ಬಳಸಿದರು. ಇಂತಹ ಗಾಯಕರ ಬಗ್ಗೆ ಬರೆಯುವಾಗ ಎಂಬೆಲಿಶ್ ಪದವನ್ನು ಸಂಪೂರ್ಣವಾಗಿ ಕೈಬಿಡುವುದೇ ಒಳಿತು.

ಹೊದಿಸು, ಸಜ್ಜುಮಾಡು, ತೊಡಿಸು

ಉಳಿದವು ಲ್ಯಾಟಿನ್ ವಿದ್ವತ್ತಿನ ಪದಗಳಿಗಿಂತ ಬೀದಿಯ, ಹಿತ್ತಿಲಿನ ಪದಗಳು. ಡೆಕ್ ಎಂಬುದು ಡಚ್ ಭಾಷೆಯ ‘ಡೆಕ್ಕೆನ್’, ಅಂದರೆ ಹೊದಿಸು, ಎಂಬುದರಿಂದ ಬಂದಿತು. ಹುಲ್ಲು ಹೊದಿಸುವುದನ್ನು ಹೇಳುವ ‘ಥ್ಯಾಚ್’ ಇದರ ದಾಯಾದಿ. ಹಡಗಿನ ಡೆಕ್ ಕೂಡ ಮೂಲದಲ್ಲಿ ಹೊದಿಕೆಯೇ. ಆದುದರಿಂದ ಡೆಕ್ ಮಾಡಲು ಸಮೃದ್ಧಿ ಬೇಕು, ಹಬ್ಬದ ಸಡಗರ ಬೇಕು. ಒಂದು ಹೂವಿನಿಂದ ಯಾರನ್ನೂ ಡೆಕ್ ಮಾಡಲಾಗದು. ಜಾನ್ ಸ್ಟೋ ಅವರು 1598ರಲ್ಲಿ ಪ್ರಕಟಿಸಿದ ಲಂಡನ್ ನಗರದ ವರ್ಣನೆಯಲ್ಲಿ ಕ್ರಿಸ್ಮಸ್ ಸಮಯದ ಸೊಪ್ಪುಸದೆಗಳ ವಿವರ ಬರುತ್ತದೆ. ಮನೆಗಳಿಗೂ ಚರ್ಚುಗಳಿಗೂ ಹಸುರು ಕಟ್ಟುವುದಕ್ಕೆ ಆತ ಡೆಕ್ ಎಂಬ ಪದ ಬಳಸಿ, ಬೀದಿಯ ನೀರಿನ ಕಟ್ಟೆಗಳ ವಿಷಯಕ್ಕೆ ಬಂದಾಗ ಗಾರ್ನಿಶ್ ಎಂಬ ಪದಕ್ಕೆ ಹೊರಳುತ್ತಾರೆ.

ಗಾರ್ನಿಶ್ ಪದದ ಇಂದಿನ ಸ್ಥಿತಿ ಕಂಡು ಆಗಿನವರು ನಕ್ಕಾರು. ಈಗ ಅದು ಉಪ್ಪಿಟ್ಟಿನ ಮೇಲೆ ಕೊತ್ತಂಬರಿ ಸೊಪ್ಪು ಉದುರಿಸುವುದಕ್ಕೆ ಇಳಿದಿದೆ. ಹಳೆಯ ಫ್ರೆಂಚಿನಲ್ಲಿ ‘ಗಾರ್ನಿರ್’ ಎಂದರೆ ಕೋಟೆಯನ್ನು ಸಜ್ಜುಗೊಳಿಸು, ಎಚ್ಚರಿಕೆ ನೀಡು. ‘ಗಾರ್ಮೆಂಟ್’ ಎಂಬ ಉಡುಪಿನ ಪದವೂ ಅದೇ ಮೂಲದ್ದು. ‘ಎಚ್ಚರಿಕೆ’ಯ ಅರ್ಥ ಕಾನೂನಿನಲ್ಲಿ ಉಳಿದಿದೆ: ಸಾಲಗಾರನಿಗೆ ಹಣ ಕೊಡಬೇಕಾದ ಮೂರನೆಯವನಿಗೆ ನ್ಯಾಯಾಲಯ ನೀಡುವ ತಿಳಿವಳಿಕೆಗೆ ಸಂಬಂಧಿಸಿದ ‘ಗಾರ್ನಿಷಿ’ ನಿಯಮಗಳು 1976ರ ತಿದ್ದುಪಡಿಯ ಮೂಲಕ ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿಯೂ ಸೇರಿವೆ. ಟ್ರಿಮ್ ಪದಕ್ಕೂ ಹಳೆಯ ಇಂಗ್ಲಿಷಿನಲ್ಲಿ ಗಟ್ಟಿಮಾಡು, ಅಣಿಮಾಡು ಎಂಬ ಅರ್ಥವಿತ್ತು. ಈಗ ಅದು ಕತ್ತರಿಸುವುದನ್ನೂ ಸೂಚಿಸುತ್ತದೆ, ಅಂಚು ಕಟ್ಟುವುದನ್ನೂ ಸೂಚಿಸುತ್ತದೆ. ಫೆಸ್ಟೂನ್ ಎಂದರೆ ಎರಡು ಆನಿಕೆಗಳ ನಡುವೆ ಇಳಿಬೀಳುವ ಸರ. ನಮ್ಮ ಮಾವಿನೆಲೆ ತೋರಣದ ಆಕಾರಕ್ಕೆ ಇದಕ್ಕಿಂತ ಸರಿಯಾದ ಪದ ಸಿಗದು, ಅದರ ಮಂಗಳಾರ್ಥಕ್ಕೆ ಮಾತ್ರ ಇದು ಸಾಲದು. ಕರ್ನಾಟಕದ ಇಂಗ್ಲಿಷ್ ಪತ್ರಿಕೆಗಳು ದಸರಾ ಆನೆಗಳಿಗೆ ತಪ್ಪದೆ ಬಳಸುವ ‘ಕ್ಯಾಪರಿಸನ್’ ಎಂಬುದು ಮೂಲದಲ್ಲಿ ಕುದುರೆಯ ಮೈಮೇಲಿನ ಝೂಲದ ಹೆಸರು.

ಈ ಗುಂಪಿನಲ್ಲಿ ನಮಗೆ ಅತ್ಯಂತ ಉಪಯುಕ್ತವಾದುದು ಡ್ರೆಸ್. ‘ನೇರಮಾಡು, ಅಣಿಗೊಳಿಸು’ ಎಂಬರ್ಥದ ಫ್ರೆಂಚ್ ಪದದಿಂದ ಬಂದ ಇದು ಕಲ್ಲಿಗೂ ಸಲ್ಲುತ್ತದೆ, ಹದಮಾಡುವ ತೊಗಲಿಗೂ ಸಲ್ಲುತ್ತದೆ, ಧ್ವಜ ಏರಿಸಿದ ಹಡಗಿಗೂ ಸಲ್ಲುತ್ತದೆ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವವರನ್ನು ‘ಡ್ರೆಸ್ಸರ್’ ಎನ್ನುವುದು ಇದೇ ಅರ್ಥದಲ್ಲಿ. ಹೀಗೆ ಡ್ರೆಸ್ ಎಂದರೆ ವಸ್ತುವನ್ನು ಅದರ ಕೆಲಸಕ್ಕೆ ಸಿದ್ಧಪಡಿಸುವುದು.

ಇಂಗ್ಲೆಂಡಿನ ಡರ್ಬಿಶೈರ್ ಸೀಮೆಯ ‘ವೆಲ್ ಡ್ರೆಸಿಂಗ್’ ಆಚರಣೆಯಲ್ಲಿ ಈ ಪದದ ಬಲ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿನ ಟಿಸಿಂಗ್ಟನ್ ಗ್ರಾಮದಲ್ಲಿ ಈಸ್ಟರ್ ಕಳೆದು ನಲವತ್ತನೆಯ ದಿನ ಬರುವ ಸ್ವರ್ಗಾರೋಹಣದ ಹಬ್ಬಕ್ಕೆ ಊರಿನ ಬಾವಿಗಳಿಗೆ ‘ತೊಡಿಸು’ತ್ತಾರೆ. 1348-49ರ ಮಹಾಮಾರಿಯಿಂದ ಊರು ಉಳಿದುದಕ್ಕೆ ಕೃತಜ್ಞತೆಯಾಗಿ ಇದು ಆರಂಭವಾಯಿತು ಎಂಬುದು ಒಂದು ಐತಿಹ್ಯ. 1615ರ ಬರಗಾಲದಲ್ಲಿಯೂ ಬಾವಿಗಳು ಬತ್ತದಿದ್ದುದಕ್ಕೆ ಎಂಬುದು ಇನ್ನೊಂದು. ಎರಡನ್ನೂ ಐತಿಹ್ಯವೆಂದೇ ಇಟ್ಟುಕೊಳ್ಳೋಣ. ಕೆಲಸದ ಕ್ರಮ ಹೀಗಿದೆ: ಮರದ ದೊಡ್ಡ ಹಲಗೆಗಳಿಗೆ ಮೊಳೆ ಹೊಡೆದು, ಅವನ್ನು ನೀರಿನಲ್ಲಿ ನೆನೆಹಾಕುತ್ತಾರೆ. ಉಪ್ಪು ಬೆರೆಸಿ ಹದಮಾಡಿದ ಜೇಡಿಮಣ್ಣನ್ನು ಹಲಗೆಗೆ ಮೆತ್ತುತ್ತಾರೆ. ಉಪ್ಪು ಮಣ್ಣಿನ ತೇವವನ್ನು ಹಿಡಿದಿಡುತ್ತದೆ. ಕಾಗದದ ಮೇಲಿನ ಚಿತ್ರವನ್ನು ಸೂಜಿಮೊನೆಯಿಂದ ಚುಚ್ಚಿ ಮಣ್ಣಿಗೆ ಇಳಿಸುತ್ತಾರೆ. ಕಾಫಿ ಬೀಜ ಅಥವಾ ಆಲ್ಡರ್ ಮರದ ಪುಟ್ಟ ಕಾಯಿಗಳನ್ನು ಒತ್ತಿ ರೇಖೆ ಮೂಡಿಸಿ, ಒಳಗಿನ ಜಾಗವನ್ನು ಪಾಚಿ ಮತ್ತು ಹೂವಿನ ಎಸಳುಗಳಿಂದ ತುಂಬುತ್ತಾರೆ. ಎಸಳುಗಳನ್ನು ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದಂತೆ, ಒಂದರ ಮೇಲೊಂದು ಬರುವ ಹಾಗೆ ಒತ್ತಬೇಕು. ಹಾಗಿದ್ದರೆ ಮಾತ್ರ ಮಳೆನೀರು ಜಾರಿಹೋಗುತ್ತದೆ. ಅನಂತರ ಹಲಗೆಯನ್ನು ಬಾವಿಯ ಬಳಿ ನಿಲ್ಲಿಸಿ, ಪಾದ್ರಿಗಳು ಮೆರವಣಿಗೆಯಲ್ಲಿ ಬಂದು ನೀರನ್ನು ಆಶೀರ್ವದಿಸುತ್ತಾರೆ. ಸುಮಾರು ಒಂದು ವಾರ ಅದು ನಿಲ್ಲುತ್ತದೆ, ಬಳಿಕ ಬಾಡುತ್ತದೆ.

ಇದನ್ನು ಅವರು ವೆಲ್ ಡೆಕೊರೇಟಿಂಗ್ ಎನ್ನುವುದಿಲ್ಲ. ಯೂಲ್‌ಗ್ರೇವ್ ಗ್ರಾಮಕ್ಕೆ 1829ರಲ್ಲಿ ಕೊಳವೆ ನೀರು ಬಂದಾಗ ಅಲ್ಲಿನವರು ನಲ್ಲಿಗಳಿಗೂ ಹೀಗೆಯೇ ಮಾಡತೊಡಗಿದರು. ಅದಕ್ಕೆ ‘ಟ್ಯಾಪ್ ಡ್ರೆಸಿಂಗ್’ ಎಂಬ ಹೆಸರು ಬಂತು. ನೀರಿನ ಮೂಲ ಬದಲಾದರೂ ಕ್ರಿಯಾಪದ ಬದಲಾಗಲಿಲ್ಲ. ಹೊಸ ಬೋರ್‌ವೆಲ್ಲಿಗೆ ಅರಿಸಿನ ಕುಂಕುಮ ಇಟ್ಟು ಗಂಗೆಪೂಜೆ ಮಾಡುವ ನಮ್ಮ ಊರುಗಳಿಗೆ ಈ ನಲ್ಲಿಯ ಹಬ್ಬ ಅಪರಿಚಿತವಲ್ಲ.

ಕನ್ನಡದ ಕ್ರಿಯೆಗಳು

ಈ ಹಿನ್ನೆಲೆಯಲ್ಲಿ ನಮ್ಮ ಕೆಲವು ಕ್ರಿಯೆಗಳನ್ನು ನೋಡಬಹುದು. ಕಾರಹುಣ್ಣಿಮೆಯಲ್ಲಿ ರೈತರು ತಾವೇ ‘ಎತ್ತು ಸಿಂಗರಿಸು’ ಎಂಬ ಪದವನ್ನು ಬಳಸುತ್ತಾರೆ. ಮೈತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕೋಡಣಸು, ಗೆಜ್ಜೆಸರ, ಝೂಲ ಹಾಕಿ ಕರಿ ಹರಿಯಲು ಸಿದ್ಧಪಡಿಸುವ ಈ ಕಾರ್ಯದಲ್ಲಿ ಸಮೃದ್ಧಿ, ಸಡಗರ, ಹೊದಿಕೆ ಮೂರೂ ಇವೆ. ಡೆಕ್ ಎಂಬುದು ಇಲ್ಲಿ ಡೆಕೊರೇಟ್‌ಗಿಂತ ಎಷ್ಟೋ ಪಾಲು ಸರಿಹೊಂದುತ್ತದೆ. ಪ್ರಾಸಂಗಿಕವಾಗಿ ಹೇಳುವುದಾದರೆ, ಕರಾವಳಿ ಮತ್ತು ಮಲೆನಾಡುಗಳಲ್ಲಿ ಸಿಂಗಾರವೆಂದರೆ ಅಡಿಕೆಯ ಹೊಂಬಾಳೆಯೂ ಹೌದು. ‘ಸಿಂಗಾರವಿಟ್ಟರು’ ಎಂಬ ವಾಕ್ಯವನ್ನು ಪ್ರದೇಶ ತಿಳಿಯದೆ ಅನುವಾದಿಸುವುದು ಅಪಾಯ.

ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಸೀಮೆಯ ದೀವರ ಹೆಣ್ಣುಮಕ್ಕಳು ಮದುವೆಯ ಹಸೆಗೋಡೆಯ ಮೇಲೆ ಕೆಮ್ಮಣ್ಣಿನ ಹಿನ್ನೆಲೆಯಲ್ಲಿ ಅಕ್ಕಿಹಿಟ್ಟಿನ ಬಿಳಿಯಿಂದ, ಪುಂಡಿನಾರಿನ ಕುಂಚದಿಂದ ಎಳೆಯುವ ಚಿತ್ತಾರಕ್ಕೆ ಇವುಗಳಲ್ಲಿ ಯಾವುದೂ ಹೊಂದದು. ವಧೂವರರು ಕೂರುವ ಹಸೆಯ ಸ್ಥಾನವನ್ನು ಆ ಚಿತ್ತಾರವೇ ಗುರುತಿಸುತ್ತದೆ. ಅವರು ಹೇಳುವುದು ‘ಬರೆಯುವುದು’ ಎಂದು. ಇಂಗ್ಲಿಷಿನಲ್ಲಿಯೂ ಗೋಡೆಯ ಮೇಲೆ ಎಳೆದರು, ಬರೆದರು ಎಂಬರ್ಥದ ಸರಳ ಕ್ರಿಯಾಪದ ಹಾಕಿ, ‘ಹಸೆ’ ಪದವನ್ನು ಹಾಗೆಯೇ ಉಳಿಸಿ ವಿವರಣೆ ಕೊಡುವುದು ಸೂಕ್ತ. ಹೂ ಮುಡಿಸುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮುಡಿಸುವವರು ಯಾರು, ಅವರು ಮುತ್ತೈದೆಯೇ, ಯಾವ ಹೊತ್ತಿನಲ್ಲಿ ಎಂಬುದು ಅಡಾರ್ನ್ ಪದದಲ್ಲಿ ಕಾಣೆಯಾಗುತ್ತದೆ.

ಭೂತಕೋಲದಲ್ಲಿ ಈ ಪ್ರಶ್ನೆ ಇನ್ನಷ್ಟು ಗಂಭೀರ. ಪಾತ್ರಿಯ ಮುಖಕ್ಕೆ ಅರದಳ ಬಳಿಯುವುದು, ತೆಂಗಿನ ಎಳೆಗರಿಯ ಸಿರಿ ಉಡಿಸುವುದು, ಅಣಿ ಕಟ್ಟುವುದು, ಕಾಲಿಗೆ ಗಗ್ಗರ ತೊಡಿಸುವುದು ಇವು ಒಂದೇ ಬಗೆಯ ಕ್ರಿಯೆಗಳಲ್ಲ. ಮೊದಲಿನವು ಸಿದ್ಧತೆಗಳು, ಡ್ರೆಸ್ ಎಂಬ ಪದವನ್ನು ಡರ್ಬಿಶೈರಿನವರ ಅರ್ಥದಲ್ಲಿ ಬಳಸಿದರೆ ಅವುಗಳಿಗೆ ಸಲ್ಲುತ್ತದೆ. ಪಾಡ್ದನದ ಹಿನ್ನೆಲೆಯಲ್ಲಿ, ಅಪ್ಪಣೆ ಪಡೆದು ಗಗ್ಗರವನ್ನು ಸ್ವೀಕರಿಸುವ ಕ್ಷಣವಾದರೋ ಬೇರೆಯೇ. ಅದಕ್ಕೆ ಮುಂಚೆ ಆತನನ್ನು ಹೆಸರು ಹಿಡಿದು ಕರೆಯುವವರು ಅನಂತರ ದೈವವೆಂದೇ ಸಂಬೋಧಿಸುತ್ತಾರೆ. ಕಾಲ್ಗಡಗಗಳಿಂದ ಡೆಕೊರೇಟ್ ಮಾಡಲಾಯಿತು ಎಂಬ ಅಡಿಬರಹ ಈ ಕ್ಷಣವನ್ನು ಇಡಿಯಾಗಿ ನುಂಗಿಬಿಡುತ್ತದೆ. ಗಗ್ಗರ ತೊಟ್ಟರು ಎಂದಷ್ಟೇ ಹೇಳಿ, ತೊಡುವುದರಿಂದ ಏನಾಗುತ್ತದೆ ಎಂಬುದನ್ನು ಮುಂದಿನ ವಾಕ್ಯದಲ್ಲಿ ಬರೆಯುವುದು ಲೇಸು.

ದಾಖಲಾತಿಯ ಮಟ್ಟದಲ್ಲಿ ಒಂದು ಸಣ್ಣ ಸಲಹೆಯನ್ನು ಮುಂದಿಡಬಯಸುತ್ತೇನೆ. ಸಂಗ್ರಹಾಲಯ ಹಾಗೂ ಗ್ರಂಥಾಲಯಗಳ ಚೀಟಿಯಲ್ಲಿ ವಸ್ತುವಿನ ಹೆಸರು, ಸ್ಥಳ, ಕಾಲಗಳಿಗೆ ಅಂಕಣಗಳಿರುವಂತೆ ‘ವಕ್ತೃ ಬಳಸಿದ ಕ್ರಿಯಾಪದ’ಕ್ಕೂ ಒಂದು ಅಂಕಣವಿರಲಿ. ಅದರಲ್ಲಿ ಬರೆ, ಕಟ್ಟು, ಹೂಡು, ಏರಿಸು, ಮುಡಿಸು, ತೊಡಿಸು ಎಂಬುದನ್ನು ಕನ್ನಡದಲ್ಲಿಯೂ, ತುಳು ಅಥವಾ ಕೊಡವ ಸಾಮಗ್ರಿಯಾದರೆ ಆ ಭಾಷೆಯಲ್ಲಿಯೂ, ಅನುವಾದಿಸದೆ ನಮೂದಿಸಬೇಕು. ಇಂಗ್ಲಿಷ್ ಪದವನ್ನು ಅದರ ಪಕ್ಕದ ಅಂಕಣದಲ್ಲಿ ಕೊಡಬಹುದು. ಉತ್ತರ ಕರ್ನಾಟಕದಲ್ಲಿ ದೇವರಿಗೆ ಹೂವು ‘ಏರಿಸು’ತ್ತಾರೆ, ಹಳೆಯ ಮೈಸೂರಿನಲ್ಲಿ ‘ಮುಡಿಸು’ತ್ತಾರೆ. ಈ ಎರಡು ಚೀಟಿಗಳು ಒಂದೇ ಇಂಗ್ಲಿಷ್ ಪದದಡಿ ಸೇರಿದರೂ ಹುಡುಕುವವರಿಗೆ ಬೇರೆಬೇರೆಯಾಗಿ ಸಿಗುವಂತಾಗಬೇಕು.